ಬಿಲ್ ಇಟ್ಕೊಂಡಿದ್ದೀರಾ?

ಈ ಗ್ರಾಹಕರ ಹಕ್ಕಿನ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪ್ಯೂಟರ್ ಪಾರ್ಟುಗಳದ್ದೇ ಗೋಳು. ಕೆಟ್ಟ ಬೋರ್ಡು, ಸತ್ತ ಹಾರ್ಡ್ ಡಿಸ್ಕು, ವಾರಂಟಿ ಇದ್ದೂ ಸಿಗದ ಬದಲಿ ಪೀಸು. ಈ ವಿಷಯ ನನಗೆ ತವರುಮನೆ ಇದ್ದ ಹಾಗೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ 19 ವರ್ಷ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು ನಾನು. ಗ್ರಾಹಕರಿಗೆ ‘ನಾಳೆ ಬನ್ನಿ’ ಎಂದವನೂ ನಾನೇ, ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಕಡೆಯಿಂದ ‘ನಾಳೆ ಫೋನ್ ಮಾಡಿ’ ಅನ್ನಿಸಿಕೊಂಡವನೂ ನಾನೇ. ಹಾಗಾಗಿ ಇಲ್ಲಿ ಅಂಗಡಿಯವರನ್ನು ಸ್ವಲ್ಪ ಬೈದರೆ ಅದರಲ್ಲಿ ನನ್ನ ಪಾಲೂ ಇದೆ ಅಂತ ತಿಳಿಯಿರಿ.

ಪ್ರಶ್ನೆ: ನಾನು ಒಬ್ಬಳೇ ಒಂದು ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಕಳೆದ ವರ್ಷ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ. ಏಳು ತಿಂಗಳಿಗೆ ಮದರ್‌ಬೋರ್ಡ್ ಸತ್ತುಹೋಯಿತು. ಬೋರ್ಡಿಗೆ 14,500 ರೂಪಾಯಿ ಕೊಟ್ಟಿದ್ದೆ, ಮೂರು ವರ್ಷ ವಾರಂಟಿ. ಅಂಗಡಿಯವರು ಪ್ರೊಸೆಸರ್ ತೆಗೆದಿಟ್ಟುಕೊಂಡು ಬೋರ್ಡನ್ನು ಬೆಂಗಳೂರಿಗೆ ಕಳಿಸಿದರು. 24 ದಿನ ಬಿಟ್ಟು ‘ಸಾಕೆಟ್ ಪಿನ್ ಬಾಗಿದೆ, ಫಿಸಿಕಲ್ ಡ್ಯಾಮೇಜ್, ವಾರಂಟಿ ಇಲ್ಲ’ ಎಂದು ವಾಪಸ್ ಬಂತು. ಈಗ ಅಂಗಡಿಯವರು ‘ಕಂಪನಿ ಜೊತೆ ಮಾತಾಡಿಕೊಳ್ಳಿ’ ಅನ್ನುತ್ತಾರೆ. ಕಂಪನಿಯವರು ಫೋನಿನಲ್ಲಿ ‘ಡೀಲರ್ ಜೊತೆ ಮಾತಾಡಿ’ ಅನ್ನುತ್ತಾರೆ. ನಾನು ಆ ಸಾಕೆಟ್ಟನ್ನು ಕಣ್ಣಲ್ಲೂ ನೋಡಿಲ್ಲ. ವ್ಯಾಪಾರಕ್ಕೆ ಅಂತ ಕೊಂಡಿದ್ದರಿಂದ ಗ್ರಾಹಕರ ಕಾನೂನು ನನಗೆ ಬರಲ್ಲ ಅಂತಲೂ ಒಬ್ಬರು ಹೆದರಿಸಿದ್ದಾರೆ.
— ಓದುಗರು, ರಾಣೆಬೆನ್ನೂರು

ಉತ್ತರ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋದು ಇದಕ್ಕೇ. ಮೊದಲು ಹೆದರಿಸಿದವರ ಮಾತು ಮುಗಿಸೋಣ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ, ಮತ್ತೆ ಮಾರಲು ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದಿರುವುದು ನಿಜ. ಆದರೆ ಅದರ ಕೆಳಗೇ ಒಂದು ವಿವರಣೆ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಕೊಂಡು, ತಾವೇ ಬಳಸುವುದನ್ನು ವಾಣಿಜ್ಯ ಉದ್ದೇಶ ಎಂದು ಲೆಕ್ಕ ಹಾಕುವುದಿಲ್ಲ. ಒಬ್ಬರೇ ಕೂತು ಲಗ್ನಪತ್ರಿಕೆ ಟೈಪ್ ಮಾಡುವ ನೀವು ಆ ವಿವರಣೆಗೆ ಸರಿಯಾಗಿ ಹೊಂದುತ್ತೀರಿ. ಹತ್ತು ಜನರನ್ನು ಇಟ್ಟುಕೊಂಡು ದೊಡ್ಡ ಪ್ರೆಸ್ ನಡೆಸುವವರಾಗಿದ್ದರೆ ಬೇರೆ ಮಾತು. ದೂರು ಬರೆಯುವಾಗ ಮೊದಲ ಪ್ಯಾರಾದಲ್ಲೇ ‘ಜೀವನೋಪಾಯಕ್ಕಾಗಿ ನಾನೇ ನಡೆಸುವ ಅಂಗಡಿ’ ಎಂದು ಬರೆಯಿರಿ. ಮರೆತರೆ ಎದುರಿನ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಈಗ ಪಿನ್ನಿನ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲ ಇರೋದು ಇಲ್ಲೇ.

ಹಿಂದೆಲ್ಲ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿ ಇರುತ್ತಿದ್ದವು. ಪ್ರೊಸೆಸರ್ ಮಾಡುವ ಇಂಟೆಲ್ ಕಂಪನಿ ಸುಮಾರು 2004ರಿಂದ ಅವನ್ನು ಬೋರ್ಡಿನ ಸಾಕೆಟ್ಟಿಗೆ, ಅಂದರೆ ಪ್ರೊಸೆಸರ್ ಕೂರುವ ಜಾಗಕ್ಕೆ, ಹಾಕಿತು. ಅದರ ಎದುರಾಳಿ ಎಎಂಡಿ ಕೂಡ 2022ರಲ್ಲಿ ಎಎಂ5 ಎಂಬ ಸಾಕೆಟ್ ಬಂದಾಗ ಅದೇ ದಾರಿ ಹಿಡಿಯಿತು. ಸಾವಿರಕ್ಕೂ ಜಾಸ್ತಿ ಪಿನ್ನು, ಕೂದಲಿನಷ್ಟು ಸಣ್ಣವು. ಪ್ರೊಸೆಸರ್ ಕೂತಿದ್ದಾಗ ಅವಕ್ಕೆ ಏನೂ ಆಗುವುದಿಲ್ಲ, ಮೇಲೆ ಕಬ್ಬಿಣದ ಚೌಕಟ್ಟು ಬಿಗಿದಿರುತ್ತದೆ. ಬಾಗುವುದು ಯಾವಾಗ? ಪ್ರೊಸೆಸರ್ ಕೂರಿಸುವಾಗ, ಇಲ್ಲವೇ ತೆಗೆದ ಮೇಲೆ. ನಿಮ್ಮ ಕಂಪ್ಯೂಟರ್ ಏಳು ತಿಂಗಳು ಓಡಿದೆ. ಕೂರಿಸುವಾಗಲೇ ಪಿನ್ ಬಾಗಿದ್ದರೆ ಬಹುಪಾಲು ಮೊದಲ ದಿನವೇ ಆನ್ ಆಗುತ್ತಿರಲಿಲ್ಲ, ಇಲ್ಲವೇ ಒಂದು ರ‍್ಯಾಮ್ ಸ್ಲಾಟ್ ಕಾಣಿಸುತ್ತಿರಲಿಲ್ಲ. ಹಾಗಾದರೆ ಉಳಿಯುವುದು ತೆಗೆದ ಮೇಲಿನ ಸಮಯ. ತೆಗೆದವರು ಯಾರು?

ಹೊಸ ಬೋರ್ಡಿನ ಸಾಕೆಟ್ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದನ್ನು ವಾಪಸ್ ಹಾಕಿಯೇ ಕಳಿಸಬೇಕು. ನಮ್ಮ ಅಂಗಡಿಗಳಲ್ಲಿ ಅಸೆಂಬಲ್ ಮಾಡುವ ಹುಡುಗರು ಆ ಮುಚ್ಚಳವನ್ನು ಕಸದ ಬುಟ್ಟಿಗೆ ಎಸೆಯುತ್ತಾರೆ. ನಾನೂ ಎಷ್ಟೋ ವರ್ಷ ಎಸೆದಿದ್ದೇನೆ. ಆಮೇಲೆ ಒಂದೇ ತಿಂಗಳಲ್ಲಿ ಮೂರು ಬೋರ್ಡು ‘ಪಿನ್ ಬೆಂಡ್’ ಎಂದು ತಿರಸ್ಕಾರವಾಗಿ ಬಂದ ಮೇಲೆ ಬುದ್ಧಿ ಬಂತು. ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟು ಅದರಲ್ಲಿ ಮುಚ್ಚಳ ಕೂಡಿಡೋಕೆ ಶುರು ಮಾಡಿದೆ.

ಆದ್ದರಿಂದ ನೀವು ಕೇಳಬೇಕಾದ ಕಾಗದ ಎರಡು. ಒಂದು, ಹುಬ್ಬಳ್ಳಿ ಅಂಗಡಿಯವರು ನಿಮ್ಮಿಂದ ಕಂಪ್ಯೂಟರ್ ತೆಗೆದುಕೊಂಡಾಗ ಕೊಟ್ಟ ಜಾಬ್ ಶೀಟ್. ಇನ್ನೊಂದು, ಬೆಂಗಳೂರಿನ ಸರ್ವಿಸ್ ಸೆಂಟರ್ ಬೋರ್ಡನ್ನು ಒಳಗೆ ತೆಗೆದುಕೊಂಡಾಗ ಮಾಡಿದ ಎಂಟ್ರಿ ಮತ್ತು ಅವರು ತೆಗೆದ ಫೋಟೋ. ಮೊದಲನೆಯದರಲ್ಲಿ ಪಿನ್ ಬಗ್ಗೆ ಏನೂ ಬರೆದಿಲ್ಲ, ಎರಡನೆಯದರಲ್ಲಿ ‘ಪಿನ್ ಬೆಂಡ್’ ಎಂದಿದೆ ಅಂದರೆ ಅದು ಅಂಗಡಿಯ ಟೇಬಲ್ ಮೇಲೆ ಆಗಿದೆ ಇಲ್ಲವೇ ಕೊರಿಯರಿನಲ್ಲಿ ಆಗಿದೆ. ಎರಡರಲ್ಲೂ ನಿಮ್ಮ ಕೈ ಇಲ್ಲ. ಬಾಗಿದ ಪಿನ್ ತೋರಿಸಿ ವಾಪಸ್ ಕಳಿಸಿದವರು, ಬೋರ್ಡು ಮೊದಲು ಸತ್ತಿದ್ದು ಯಾಕೆ ಅಂತ ನೋಡಿಯೇ ಇಲ್ಲ. ಅದನ್ನೂ ಕೇಳಿ.

‘ಕಂಪನಿ ಜೊತೆ ಮಾತಾಡಿಕೊಳ್ಳಿ’ ಅನ್ನುವುದಕ್ಕೆ ನನ್ನ ಉತ್ತರ ಒಂದೇ. ನೀವು ದುಡ್ಡು ಎಣಿಸಿ ಕೊಟ್ಟಿದ್ದು ಯಾರ ಕೈಗೆ? ಬಿಲ್ಲಿನ ಮೇಲೆ ಯಾರ ಹೆಸರಿದೆ? ಅವರೇ ಮೊದಲು ಉತ್ತರ ಕೊಡಬೇಕು. ವಾರಂಟಿ ಕೊಟ್ಟ ಕಂಪನಿಗೂ ಹೊಣೆ ಇದೆ, ಅದಕ್ಕೇ ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಯಾರ ಪಾಲು ಎಷ್ಟು ಅನ್ನೋದನ್ನು ಅವರವರೇ ಬಡಿದಾಡಿಕೊಳ್ಳಲಿ.

ಫೋನ್ ಮಾಡುವುದು ಇವತ್ತಿಗೆ ನಿಲ್ಲಿಸಿ. ಫೋನಿನ ಮಾತಿಗೆ ಸಾಕ್ಷಿ ಇಲ್ಲ. ಒಂದು ಪುಟದ ಪತ್ರ ಬರೆಯಿರಿ, ಕನ್ನಡದಲ್ಲೇ. ಹೀಗೆ ಇರಲಿ:

‘ಇಂಥ ತಾರೀಕು, ಇಂಥ ನಂಬರಿನ ಬಿಲ್ಲಿನಲ್ಲಿ ನಿಮ್ಮಿಂದ ಈ ಮಾಡೆಲ್, ಈ ಸೀರಿಯಲ್ ನಂಬರಿನ ಮದರ್‌ಬೋರ್ಡ್ ಖರೀದಿಸಿದ್ದೇನೆ. ಇಂಥ ದಿನ ಕೆಟ್ಟಿತು. ಇಂಥ ದಿನ ನಿಮಗೆ ಒಪ್ಪಿಸಿದೆ. ಆಗ ಪ್ರೊಸೆಸರ್ ಬೋರ್ಡಿನಲ್ಲೇ ಇತ್ತು. ತೆಗೆದವರು ನೀವು. ಪಿನ್ ಬಾಗಿದೆ ಎಂದು ವಾರಂಟಿ ನಿರಾಕರಿಸಿರುವುದನ್ನು ನಾನು ಒಪ್ಪುವುದಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ ಬೋರ್ಡು ಬದಲಿಸಿ ಕೊಡಿ, ಇಲ್ಲವೇ 14,500 ರೂಪಾಯಿ ವಾಪಸ್ ಕೊಡಿ. ಇಲ್ಲದಿದ್ದರೆ ಹಾವೇರಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.’

ಇಷ್ಟೇ. ಬೈಗುಳ ಬೇಡ, ಮನೆ ಕಷ್ಟ ಬೇಡ. ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲೂ ಮಾಡಿ. ಜೊತೆಗೇ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಈ ಫೋನಿಗೆ ಮಾತ್ರ ನನ್ನ ಅಡ್ಡಿ ಇಲ್ಲ. ಸಹಾಯವಾಣಿಯವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರನ್ನು ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೆ. ಆದರೆ ದೊಡ್ಡ ಕಂಪನಿಗಳ ಎಷ್ಟೋ ಕೇಸು ಅಲ್ಲಿಗೇ ಮುಗಿಯುತ್ತವೆ.

ಮುಗಿಯಲಿಲ್ಲ ಅಂತ ಇಟ್ಕೊಳ್ಳಿ. ಬಿಲ್ಲಿನ ಕೆಳಗೆ ‘ಯಾವುದೇ ವ್ಯಾಜ್ಯ ಹುಬ್ಬಳ್ಳಿ ವ್ಯಾಪ್ತಿಗೆ ಒಳಪಟ್ಟಿದೆ’ ಎಂದು ಸಣ್ಣಕ್ಷರದಲ್ಲಿ ಇರಬಹುದು. ಇರಲಿ ಬಿಡಿ. ಹೊಸ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. 1986ರ ಹಳೆಯ ಕಾಯ್ದೆಯಲ್ಲಿ ಇದು ಇರಲಿಲ್ಲ. 2020ರ ಜುಲೈನಲ್ಲಿ ಹೊಸದು ಜಾರಿಗೆ ಬಂದಾಗ ಸಿಕ್ಕ ದೊಡ್ಡ ಅನುಕೂಲ ಇದೇ ಎಂದು ನನ್ನ ಅಭಿಪ್ರಾಯ. ಹಾಗಾಗಿ ನಿಮಗೆ ಹಾವೇರಿ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಸೊನ್ನೆ. ವಕೀಲರು ಕಡ್ಡಾಯವಲ್ಲ, ನೀವೇ ನಿಂತು ಹೇಳಬಹುದು. ಮನೆಯಿಂದಲೇ ಸಲ್ಲಿಸಲು 2025ರ ಜನವರಿಯಿಂದ ಇ-ಜಾಗೃತಿ ಎಂಬ ಪೋರ್ಟಲ್ ಇದೆ. ಡಿಟಿಪಿ ಮಾಡುವವರಿಗೆ ಪಿಡಿಎಫ್ ಜೋಡಿಸುವುದು ಹೇಳಿಕೊಡಬೇಕೇ? ವಾರಂಟಿ ನಿರಾಕರಿಸಿದ ಆ ಚೀಟಿಯ ತಾರೀಕಿನಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅಷ್ಟು ದಿನ ಕಾಯಬೇಡಿ.

ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಬೇಕಾದರೆ ಇನ್ನು 15 ದಿನ ಕೊಡಬಹುದು. ಅದರ ಮೇಲೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ. ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ವಸ್ತುವನ್ನು ಲ್ಯಾಬಿಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಮೂರು ತಿಂಗಳಲ್ಲಿ ಮುಗಿದಿದ್ದನ್ನು ನಾನಂತೂ ನೋಡಿಲ್ಲ. ಆದರೆ ನೋಟಿಸ್ ಕೈಗೆ ಬಂದ ವಾರದಲ್ಲೇ ರಾಜಿಗೆ ಓಡಿ ಬಂದವರನ್ನು ನೋಡಿದ್ದೇನೆ.

ಓಡಿ ಹೋದವನು ನಾನೇ. 2009ರಲ್ಲಿ. ಒಬ್ಬರು ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಕೊಂಡ 320 ಜಿಬಿ ಹಾರ್ಡ್ ಡಿಸ್ಕ್ 13 ತಿಂಗಳಿಗೆ ಕಟಕಟ ಸದ್ದು ಮಾಡಿ ನಿಂತಿತು. ಮೂರು ವರ್ಷ ವಾರಂಟಿ ಇತ್ತು. ‘ಬೆಂಗಳೂರಿಗೆ ನೀವೇ ಕಳಿಸಿಕೊಳ್ಳಿ ಸಾರ್, ಒಂದು ವರ್ಷದ ಮೇಲೆ ನಾವು ನೋಡಲ್ಲ’ ಅಂದೆ. ಅಂಥ ನಿಯಮ ಎಲ್ಲೂ ಇರಲಿಲ್ಲ, ಆಗ ನನ್ನ ಬಾಯಿಗೆ ಬಂದಿದ್ದು ಅದು. ಒಂದು ಡಿಸ್ಕಿಗೆ ನನಗೆ ಉಳಿಯುತ್ತಿದ್ದುದು ನೂರು, ನೂರೈವತ್ತು ರೂಪಾಯಿ. ಕೊರಿಯರ್ ಖರ್ಚು ಕಳೆದರೆ ಕೈಯಿಂದಲೇ ಹೋಗುತ್ತಿತ್ತು. ಮೇಷ್ಟ್ರು ಜಗಳ ಆಡಲಿಲ್ಲ. ‘ಆಯ್ತಪ್ಪಾ, ಇದನ್ನೇ ಬರೆದು ಕೊಡು’ ಅಂದರು. ನಾನು ಕೊಡಲಿಲ್ಲ. ನಾಲ್ಕು ದಿನಕ್ಕೆ ಅವರ ಪತ್ರ ಬಂತು, ಮುತ್ತಿನಂಥ ಅಕ್ಷರ. ಉತ್ತರಿಸಲಿಲ್ಲ. ಎರಡು ತಿಂಗಳಿಗೆ ಜಿಲ್ಲಾ ಗ್ರಾಹಕರ ವೇದಿಕೆಯ ನೋಟಿಸ್ ಬಂತು. ಆಗ ಅದನ್ನು ವೇದಿಕೆ ಎನ್ನುತ್ತಿದ್ದರು, ಈಗ ಆಯೋಗ. ಹೊಸ ಡಿಸ್ಕು, ಮೇಲೆ ಖರ್ಚಿಗೆ 1,500 ರೂಪಾಯಿ ಕೊಟ್ಟು ಕೈ ಮುಗಿದೆ. ಆ ಸಂಜೆಯೇ ಬಿಲ್ ಬುಕ್ಕಿನ ಕೆಳಗಿದ್ದ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲಿನ ಮೇಲೆ ಕೂತು ಗೆರೆ ಎಳೆದೆ. ನೂರು ಹಾಳೆ ಇತ್ತು.

ಪ್ರಶ್ನೆ: ಅಂಗಡಿಯವರು ‘ಬಿಲ್ ಬೇಕಾದರೆ 18 ಪರ್ಸೆಂಟ್ ಜಾಸ್ತಿ, ಬೇಡದಿದ್ದರೆ ಇದೇ ರೇಟು’ ಅಂದರು. ಎಸ್‌ಎಸ್‌ಡಿಯನ್ನು ಬಿಲ್ ಇಲ್ಲದೆ ತಂದೆ. ಈಗ ಕೆಟ್ಟಿದೆ. ನನ್ನ ಕಥೆ ಮುಗಿಯಿತಾ?
— ಓದುಗರು, ಹಾಸನ

ಉತ್ತರ: ಮುಗಿದಿಲ್ಲ, ಆದರೆ ಕಾಲು ಸ್ವಲ್ಪ ಕುಂಟುತ್ತದೆ.

ಜಿಎಸ್‌ಟಿ ಎನ್ನುವುದು ಬಿಲ್ ಬರೆಯುವ ಚಾರ್ಜ್ ಅಲ್ಲ. ನೋಂದಾಯಿತ ವ್ಯಾಪಾರಿ 200 ರೂಪಾಯಿಯಿಂದ ಮೇಲಿನ ಮಾರಾಟಕ್ಕೆ ಬಿಲ್ ಕೊಡಲೇಬೇಕು. ಬಿಲ್ ಕೊಡದಿರುವುದನ್ನು ಗ್ರಾಹಕರ ಕಾಯ್ದೆಯೂ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದೆ. ನಿಮ್ಮ ಕೈಗೆ ‘ಎಸ್ಟಿಮೇಟ್’ ಎಂದು ಬರೆದ ಕಚ್ಚಾ ಚೀಟಿ ಏನಾದರೂ ಕೊಟ್ಟಿದ್ದರೆ ಹುಡುಕಿ, ಅದೂ ಒಂದು ಸಾಕ್ಷಿ. ದುಡ್ಡು ಯುಪಿಐನಲ್ಲಿ ಕಳಿಸಿದ್ದರೆ ಅದರ ವಿವರ, ಅಂಗಡಿಯವರ ಜೊತೆ ರೇಟು ಮಾತಾಡಿದ ವಾಟ್ಸ್ಆ್ಯಪ್ ಸಂದೇಶ, ಸೀರಿಯಲ್ ನಂಬರ್ ಇರುವ ಡಬ್ಬಿ, ಇಷ್ಟನ್ನೂ ಫೋಟೋ ತೆಗೆದಿಡಿ. ಆಯೋಗದ ಮುಂದೆ ಖರೀದಿ ಸಾಬೀತು ಮಾಡಲು ಪಕ್ಕಾ ಬಿಲ್ ಒಂದೇ ದಾರಿಯಲ್ಲ.

ಅದಕ್ಕೂ ಮೊದಲು ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಕೆಲವು ಕಂಪನಿಗಳು ಬಿಲ್ ಇಲ್ಲದಿದ್ದರೆ ತಯಾರಾದ ಅಥವಾ ಕಾರ್ಖಾನೆ ಬಿಟ್ಟ ದಿನದಿಂದ ವಾರಂಟಿ ಲೆಕ್ಕ ಹಾಕುತ್ತವೆ. ಕೆಲವು ತಿಂಗಳು ಕಡಿಮೆಯಾಗಬಹುದು, ಆದರೂ ಬದಲಿ ಸಿಗುತ್ತದೆ. ಮುಂದಿನ ಸಲ ಆ 18 ಪರ್ಸೆಂಟ್ ಉಳಿಸುವ ಆಸೆ ಬಂದಾಗ ಈ ಎಸ್‌ಎಸ್‌ಡಿಯನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ನನ್ನ 4 ಟಿಬಿ ಹಾರ್ಡ್ ಡಿಸ್ಕ್ ವಾರಂಟಿಯಲ್ಲಿ ಬದಲಾಯಿತು. ಬಂದಿದ್ದರ ಮೇಲೆ ‘ರಿಸರ್ಟಿಫೈಡ್’ ಎಂದು ಅಚ್ಚಾಗಿದೆ. ಅಂದರೆ ಯಾರೋ ಬಳಸಿದ್ದು ತಾನೇ? ಇದು ಮೋಸ ಅಲ್ವಾ? ಹಳೆಯ ಡಿಸ್ಕಿನಲ್ಲಿ ಮಗಳ ಮದುವೆ ಫೋಟೋ ಇತ್ತು, ಅದನ್ನು ಅವರು ಏನು ಮಾಡುತ್ತಾರೋ ಎಂಬ ಚಿಂತೆ ಬೇರೆ.
— ಓದುಗರು, ಕುಂದಾಪುರ

ಉತ್ತರ: ಹೌದು, ಬಹುಪಾಲು ಯಾರದೋ ಕೆಟ್ಟ ಡಿಸ್ಕನ್ನು ರಿಪೇರಿ ಮಾಡಿ, ಪರೀಕ್ಷೆ ಮಾಡಿ ಕಳಿಸಿದ್ದು. ಡಿಸ್ಕ್ ಕಂಪನಿಗಳ ವಾರಂಟಿ ಷರತ್ತಿನಲ್ಲಿ ಇದು ಬರೆದೇ ಇರುತ್ತದೆ. ಮೋಸ ಎನ್ನಲು ಆಗದು. ಹಾಗಂತ ಸುಮ್ನೆ ಒಪ್ಪಿಕೊಳ್ಳಲೇಬೇಕು ಅಂತಲೂ ಇಲ್ಲ. ಆಯೋಗ ಏನೇನು ಆದೇಶ ಮಾಡಬಹುದು ಎಂಬ ಪಟ್ಟಿ ಕಾಯ್ದೆಯ 39ನೇ ಕಲಮಿನಲ್ಲಿದೆ. ಅಲ್ಲಿ ‘ಅದೇ ಬಗೆಯ, ದೋಷವಿಲ್ಲದ ಹೊಸ ವಸ್ತು’ ಎಂದೇ ಇದೆ. ಹೊಸದು ಎಂಬ ಪದ ಅಲ್ಲಿದೆ, ನೋಡಿ. ಕಂಪನಿಯ ಹಾಳೆಗಿಂತ ಕಾಯ್ದೆ ಮೇಲೆ.

ನನ್ನ ಸಲಹೆ ಮಾತ್ರ ಸ್ವಲ್ಪ ವ್ಯಾವಹಾರಿಕ. ಮೂರು ವರ್ಷದ ವಾರಂಟಿಯಲ್ಲಿ ಎರಡೂವರೆ ವರ್ಷ ಬಳಸಿದ್ದರೆ ರಿಸರ್ಟಿಫೈಡ್ ಬಂದಿದ್ದಕ್ಕೆ ಜಗಳ ಮಾಡಬೇಡಿ, ಹಾಕಿ ಬಳಸಿ. ಕೊಂಡು ಎರಡು ವಾರಕ್ಕೆ ಕೆಟ್ಟಿದ್ದರೆ ಮಾತ್ರ ಬಿಡಬೇಡಿ. ಹೊಸದಕ್ಕೆ ದುಡ್ಡು ಕೊಟ್ಟು ಹಳೆಯದನ್ನು ಯಾಕೆ ತೆಗೆದುಕೊಳ್ಳಬೇಕು? ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ದುಡ್ಡು ಕೊಡಲು ಒಪ್ಪದಿದ್ದರೆ ಅದೇ ಅನುಚಿತ ವ್ಯಾಪಾರ ಪದ್ಧತಿ. ಅದು ಅಂಗಡಿಯ ತಲೆಗೇ ಬರುತ್ತದೆ, ಕಂಪನಿಗೆ ಕಾಯಬೇಕಾಗಿಲ್ಲ.

ಇನ್ನೊಂದು. ಬದಲಿ ಡಿಸ್ಕಿನ ವಾರಂಟಿ ಹಳೆಯದರ ಉಳಿದ ಅವಧಿಗೆ ಮಾತ್ರ ಇರುತ್ತದೆ. ಅದು ತೀರಾ ಕಡಿಮೆ ಇದ್ದರೆ 90 ದಿನ ಕೊಡುವವರಿದ್ದಾರೆ. ಹೊಸ ಸೀರಿಯಲ್ ನಂಬರನ್ನು ಹಳೆಯ ಬಿಲ್ಲಿನ ಹಿಂದೆಯೇ ಬರೆದು, ಬದಲಾಯಿಸಿದ ಚೀಟಿಯನ್ನು ಅದಕ್ಕೇ ಪಿನ್ ಮಾಡಿ. ಇದನ್ನು ಮಾಡದೆ ಎರಡನೇ ಸಲ ಕೆಟ್ಟಾಗ ‘ಬಿಲ್ಲಿನ ನಂಬರ್ ಬೇರೆ, ಡಿಸ್ಕಿನ ನಂಬರ್ ಬೇರೆ’ ಎಂದು ಸಿಕ್ಕಿಹಾಕಿಕೊಂಡವರು ಬೇಕಾದಷ್ಟು ಜನ.

ಫೋಟೋ ವಿಷಯ ಬೇಜಾರಿನದು. ಡೇಟಾಗೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ. ಕಳಿಸಿದ ಡಿಸ್ಕ್ ವಾಪಸ್ ಬರುವುದೂ ಇಲ್ಲ. ಡಿಸ್ಕ್ ಇನ್ನೂ ಸ್ವಲ್ಪ ಓದುತ್ತಿದ್ದರೆ ಫೋಟೋ ಬೇರೆ ಕಡೆ ತೆಗೆದು, ಪೂರ್ತಿ ಅಳಿಸಿ ಕಳಿಸಬೇಕು. ಪೂರ್ತಿ ಸತ್ತಿದ್ದರೆ ಆಯ್ಕೆ ನಿಮ್ಮದು, ಡಿಸ್ಕಿನ ಬೆಲೆ ದೊಡ್ಡದೋ ಫೋಟೋ ದೊಡ್ಡದೋ. ನಾನಾಗಿದ್ದರೆ ಮದುವೆ ಫೋಟೋ ಇರುವ ಡಿಸ್ಕನ್ನು ವಾರಂಟಿಗೆ ಕೊಡದೆ ಡೇಟಾ ತೆಗೆಯುವವರ ಹತ್ತಿರ ಒಯ್ಯುತ್ತಿದ್ದೆ. ಮೊದಲೇ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿಟ್ಟ ಡಿಸ್ಕ್ ಆದರೆ ಯಾರಾದರೂ ತೆಗೆದು ನೋಡುವ ಭಯ ಇಲ್ಲ. ಬದಲಿ ಡಿಸ್ಕಿನಲ್ಲಾದರೂ ಹಾಕಿಡಿ, ಕೀ ಎಲ್ಲಿದೆ ಅಂತ ಬರೆದೂ ಇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಗ್ರಾಫಿಕ್ಸ್ ಕಾರ್ಡ್ ತರಿಸಿದೆ. ಮೂರು ತಿಂಗಳಿಗೆ ಪರದೆ ಮೇಲೆ ಗೆರೆ ಬರುತ್ತಿದೆ. ಕಂಪನಿಯವರು ‘ಇದು ಬೇರೆ ದೇಶಕ್ಕೆ ಹೋದ ಮಾಲು, ಭಾರತದಲ್ಲಿ ವಾರಂಟಿ ಇಲ್ಲ’ ಅಂದರು. ಮಾರಿದವರು ಪೇಜಿನಲ್ಲಿ ‘3 ವರ್ಷ ವಾರಂಟಿ’ ಎಂದು ಹಾಕಿದ್ದರು.
— ಓದುಗರು, ಮೈಸೂರು

ಉತ್ತರ: ಆ ಪೇಜಿನ ಸ್ಕ್ರೀನ್‌ಶಾಟ್ ಇದೆಯಾ? ಇಲ್ಲದಿದ್ದರೆ ಈ ಪತ್ರಿಕೆ ಕೆಳಗಿಟ್ಟು ಈಗಲೇ ತೆಗೆಯಿರಿ. ನಾಳೆ ಬೆಳಿಗ್ಗೆ ಅದು ಇರುತ್ತದೆ ಎಂಬ ಖಾತ್ರಿ ಇಲ್ಲ.

ಇದು ಗ್ರೇ ಮಾರ್ಕೆಟ್ ಮಾಲು. ದುಬೈಯಿಂದಲೋ ಸಿಂಗಪುರದಿಂದಲೋ ಬಂದಿರುತ್ತದೆ, ರೇಟು ಸ್ವಲ್ಪ ಕಡಿಮೆ ಇರುತ್ತದೆ. ಇಲ್ಲಿ ಕಂಪನಿಯ ಮೇಲೆ ನಿಮ್ಮ ಹಿಡಿತ ಕಡಿಮೆ. ಹಿಡಿಯಬೇಕಾದ್ದು ಮಾರಿದವರನ್ನು. ವಾರಂಟಿ ಇದೆ ಎಂದು ಹೇಳಿ ಮಾರಿ, ಈಗ ಅದು ಇಲ್ಲ ಅಂದರೆ ಸುಳ್ಳು ಹೇಳಿ ಮಾರಿದ ಹಾಗೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ಅಥವಾ ಹೇಳಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವ ಹಾಗಿಲ್ಲ. ಮಾರುವ ಜಾಲತಾಣಕ್ಕೆ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು, ಹೆಸರು ಮತ್ತು ಸಂಪರ್ಕ ಅಲ್ಲೇ ಹಾಕಿರಬೇಕು. ಅವರು 48 ಗಂಟೆಯಲ್ಲಿ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಾಟ್‌ನಲ್ಲಿ ಸಿಗುವ ಹುಡುಗರ ಜೊತೆ ಗಂಟೆಗಟ್ಟಲೆ ಒದ್ದಾಡುವ ಬದಲು ಆ ಅಧಿಕಾರಿಗೆ ಇಮೇಲ್ ಮಾಡಿ. ಹತ್ತು ದಿನದ ರಿಟರ್ನ್ ಅವಧಿ ಮುಗಿದಿದೆ ಅನ್ನುವ ಉತ್ತರ ಬಂದೇ ಬರುತ್ತದೆ. ಅದು ಮನಸ್ಸು ಬದಲಾಯಿಸಿದವರಿಗೆ, ಕೆಟ್ಟ ಮಾಲು ಪಡೆದವರಿಗಲ್ಲ ಎಂದು ಬರೆಯಿರಿ.

ಮುಂದೆ ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆ. ಹೊರಗಿನಿಂದ ಬಂದ ಡಬ್ಬಿಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಕೊಡಬೇಕಾದ ನಂಬರ್ ಇರುವ ಚೀಟಿ ಅಂಟಿಸಿರಬೇಕು. ಇದು ಕಾನೂನು. ಆ ಚೀಟಿ ಇಲ್ಲದ ಡಬ್ಬಿಯನ್ನು ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್‌.ಪಿ. ರೋಡಿನಲ್ಲಿ ಕೈಗೆ ಕೊಟ್ಟರೂ, ಮನೆಗೇ ತಂದುಕೊಟ್ಟರೂ ಅನುಮಾನದಿಂದಲೇ ನೋಡಿ. ಡಬ್ಬಿ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ಸೀರಿಯಲ್ ನಂಬರ್ ಕಾಣುವ ಹಾಗೆ. ಮನೆಯವರು ನಗುತ್ತಾರೆ, ನಗಲಿ.

ಪ್ರಶ್ನೆ: ನನ್ನ ಹತ್ತಿರ ಇಂಟೆಲ್ 13ನೇ ಜನರೇಶನ್ ಐ7-13700ಕೆ ಇದೆ. ಗೇಮ್ ಹಾಕಿದರೆ ಕ್ರ್ಯಾಶ್ ಆಗುತ್ತದೆ. ಮೂರು ವರ್ಷ ಮುಗಿಯಿತು, ಏನೂ ಮಾಡಲಾಗದು ಅಂತ ಅಂಗಡಿಯವರು ಕೈ ಎತ್ತಿದ್ದಾರೆ.
— ಓದುಗರು, ಉಡುಪಿ

ಉತ್ತರ: ಅಂಗಡಿಯವರಿಗೆ ಸುದ್ದಿ ಮುಟ್ಟಿಲ್ಲ. 13 ಮತ್ತು 14ನೇ ಜನರೇಶನ್ನಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಜಾಸ್ತಿ ವೋಲ್ಟೇಜ್ ಹೋಗಿ ಅಸ್ಥಿರವಾಗುವ ತೊಂದರೆ ಇದೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆ ವರ್ಷದ ಆಗಸ್ಟಿನಲ್ಲಿ ಬಾಕ್ಸ್ ಪೀಸುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಮೂರಿದ್ದದ್ದು ಐದಾಯಿತು. ನಿಮ್ಮ 13700ಕೆ ಆ ಪಟ್ಟಿಯಲ್ಲಿದೆ. ಡಬ್ಬಿ ಸಮೇತ ಕೊಂಡಿದ್ದರೆ ನೇರವಾಗಿ ಇಂಟೆಲ್‌ಗೇ ಬರೆಯಿರಿ. ಡಬ್ಬಿ ಇಲ್ಲದ ಟ್ರೇ ಪೀಸ್ ಆಗಿದ್ದರೆ ಮಾರಿದವರ ಮೂಲಕವೇ ಹೋಗಬೇಕು. ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಬಂದಿದೆ, ಹಾಕಿಸಿಕೊಳ್ಳಿ, ಆದರೆ ಅದು ಮುಂದಿನ ಹಾನಿ ತಡೆಯುತ್ತದೆ, ಆಗಲೇ ಸವೆದದ್ದನ್ನು ಸರಿ ಮಾಡುವುದಿಲ್ಲ. ಈಗಾಗಲೇ ಕ್ರ್ಯಾಶ್ ಆಗುತ್ತಿರುವುದಕ್ಕೆ ಬದಲಿಯೇ ಮದ್ದು.

ಕಂಪನಿ ಹೀಗೆ ತಾನಾಗಿ ಅವಧಿ ಹೆಚ್ಚಿಸುವುದರ ಹಿಂದೆ ಒಂದು ಹಳೆಯ ಪೆಟ್ಟು ಇದೆ ಅಂತ ನನಗೆ ಅನ್ನಿಸುತ್ತದೆ. 1994ರಲ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಪ್ರೊಫೆಸರ್ ಥಾಮಸ್ ನೈಸ್ಲಿ, ಪೆಂಟಿಯಂ ಪ್ರೊಸೆಸರ್ ಭಾಗಾಕಾರದಲ್ಲಿ ತಪ್ಪು ಮಾಡುತ್ತದೆ ಎಂದು ಕಂಡುಹಿಡಿದರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಅದು 1.33373 ಕೊಡುತ್ತಿತ್ತು. ಸಾಮಾನ್ಯ ಬಳಕೆದಾರರಿಗೆ ಇದು 27,000 ವರ್ಷಕ್ಕೊಮ್ಮೆ ಎದುರಾಗಬಹುದು ಎಂದು ಇಂಟೆಲ್ ಲೆಕ್ಕ ಹೇಳಿತು. ನಿಖರ ಲೆಕ್ಕ ಬೇಕು ಎಂದು ತೋರಿಸಿಕೊಟ್ಟವರಿಗೆ ಮಾತ್ರ ಬದಲಿ ಎಂದಿತು. ಜನ ರೇಗಿದರು. ಐಬಿಎಂ ಆ ಪ್ರೊಸೆಸರಿನ ಕಂಪ್ಯೂಟರುಗಳನ್ನು ಕಳಿಸುವುದನ್ನೇ ನಿಲ್ಲಿಸಿತು. ಡಿಸೆಂಬರಿನಲ್ಲಿ ಇಂಟೆಲ್ ಕ್ಷಮೆ ಕೇಳಿ, ಕೇಳಿದವರಿಗೆಲ್ಲ ಬದಲಿಸಿ ಕೊಡುತ್ತೇವೆ ಎಂದಿತು. ಅದಕ್ಕೆ ತೆಗೆದಿಟ್ಟ ಮೊತ್ತ 47.5 ಕೋಟಿ ಡಾಲರ್. ‘ನಿಮಗೆ ಇದರಿಂದ ಏನು ತೊಂದರೆ ಆಯ್ತು, ತೋರಿಸಿ’ ಎಂದು ಕೇಳುವ ಸರ್ವಿಸ್ ಸೆಂಟರಿನವರನ್ನು ಕಂಡಾಗಲೆಲ್ಲ ನನಗೆ ಆ 27,000 ವರ್ಷ ನೆನಪಾಗುತ್ತದೆ.

ಪ್ರಶ್ನೆ: 2010ರಲ್ಲಿ ನಿಮ್ಮ ಅಂಗಡಿಯಲ್ಲೇ 2 ಜಿಬಿ ರ‍್ಯಾಮ್ ಕೊಂಡಿದ್ದೆ. ‘ಲೈಫ್‌ಟೈಮ್ ವಾರಂಟಿ ಸಾರ್, ಕಣ್ಣು ಮುಚ್ಚಿ ತಗೊಳ್ಳಿ’ ಅಂದಿದ್ದಿರಿ. ಈಗ ರ‍್ಯಾಮ್ ಕೆಟ್ಟಿದೆ, ನಿಮ್ಮ ಅಂಗಡಿಯೂ ಮುಚ್ಚಿದೆ. ಗ್ರಾಹಕರ ಹಕ್ಕಿನ ಅಂಕಣ ಬರೆಯುವವರು ಇದಕ್ಕೆ ಏನು ಹೇಳುತ್ತೀರಿ?
— ಓದುಗರು, ಶಿವಮೊಗ್ಗ

ಉತ್ತರ: ಸಿಕ್ಕಿಬಿದ್ದೆ.

‘ಲೈಫ್‌ಟೈಮ್’ ಅಂದರೆ ನಿಮ್ಮ ಆಯುಸ್ಸೂ ಅಲ್ಲ, ನನ್ನದೂ ಅಲ್ಲ. ಕಂಪನಿಯ ಷರತ್ತಿನಲ್ಲಿ ಅದಕ್ಕೆ ಅವರದೇ ಅರ್ಥ ಇರುತ್ತದೆ. ಕೆಲವರಿಗೆ ಅದು ಆ ಮಾಡೆಲ್ ಮಾರುಕಟ್ಟೆಯಲ್ಲಿ ಇರುವವರೆಗೆ, ಇನ್ನು ಕೆಲವರಿಗೆ ಮೊದಲು ಕೊಂಡವರ ಕೈಯಲ್ಲಿ ಇರುವವರೆಗೆ. ನಿಮಗೆ ಮಾರುವಾಗ ನಾನು ಆ ಹಾಳೆ ಓದಿರಲಿಲ್ಲ. ಆದರೆ ವಾರಂಟಿ ಕೊಟ್ಟಿದ್ದು ಕಂಪನಿ, ಅದು ಮುಚ್ಚಿಲ್ಲ. ಅಂಗಡಿ ಮುಚ್ಚಿದ ಮಾತ್ರಕ್ಕೆ ಅದರ ಹೊಣೆ ಹೋಗುವುದಿಲ್ಲ. ನಿಮ್ಮದು ಆ ಕಾಲದ ಡಿಡಿಆರ್2 ಬಗೆಯದಾಗಿದ್ದರೆ ಅದೇ ಪೀಸ್ ಈಗ ಸಿಗುವುದು ಕಷ್ಟ. ಅದಕ್ಕೆ ಸಮನಾದ ಬೇರೆಯದು ಅಥವಾ ದುಡ್ಡು ಕೊಡುತ್ತೇವೆ ಎನ್ನಬಹುದು. ಹಳೆಯ ರ‍್ಯಾಮಿನ ಇವತ್ತಿನ ಬೆಲೆ ಎಷ್ಟು ಎಂದು ಮಾತ್ರ ಕೇಳಬೇಡಿ.

ನಿಮ್ಮ ಹತ್ತಿರ ಬಿಲ್ ಇಲ್ಲದಿದ್ದರೆ ಕೊಂಡ ತಿಂಗಳು ನೆನಪು ಮಾಡಿಕೊಂಡು ಬನ್ನಿ. ಹಳೆಯ ಬಿಲ್ ಬುಕ್ಕುಗಳ ಕಾರ್ಬನ್ ಪ್ರತಿಗಳು ನಮ್ಮ ಮನೆಯ ಅಟ್ಟದ ಮೇಲೆ ಇವೆ. ಭಾನುವಾರ ಬೆಳಿಗ್ಗೆ ಬನ್ನಿ, ಏಣಿ ಹಿಡಿಯೋಕೆ ಒಬ್ಬರು ಬೇಕು.